ಮುರ್ಗಾಂವ್‌ನಿಂದ ಮಲ್ಪೆಗೆ: ಹಾಯಿದೋಣಿಯಲ್ಲಿ ನಮ್ಮಿಬ್ಬರ ಮೊದಲ ರಾತ್ರಿ ಪಯಣ

ಗೋವಾದ ಮುರ್ಗಾಂವ್‌ನಿಂದ ಹೊರಟು, ಒಂದು ಇಡೀ ರಾತ್ರಿ ಅರಬ್ಬಿ ಸಮುದ್ರದ ಮೇಲೆ ಕಳೆದು, ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಗಳನ್ನು ಮುಟ್ಟಿದ್ದೇವೆ. ನಾನು, ನಮ್ಮನೆಯವರು, ಇಬ್ಬರೇ. ದೋಣಿ 30 ಅಡಿಯದು, ಹಳೆಯ ಫೈಬರ್ ಹಾಯಿದೋಣಿ. ದೂರ ಸುಮಾರು 130 ನಾಟಿಕಲ್ ಮೈಲು, ಅಂದರೆ 240 ಕಿಲೋಮೀಟರ್. ಮಡಗಾಂವ್‌ನಲ್ಲಿ ಬೆಳಗ್ಗೆ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ಉಡುಪಿ. ನಮಗೆ ಒಂದು ಹಗಲು, ಒಂದು ರಾತ್ರಿ, ಮತ್ತೆ ಅರ್ಧ ಹಗಲು ಬೇಕಾಯಿತು. ಅದಕ್ಕೂ ಮೊದಲು ಕಾಗದಪತ್ರಕ್ಕೆ ಹಿಡಿದ ಕಾಲ ಬೇರೆ.

ಹೊರಡೋ ಮೊದಲು ಈ ದಾರಿ ಬಗ್ಗೆ ಕನ್ನಡದಲ್ಲಿ ಏನಾದರೂ ಸಿಗುತ್ತಾ ಅಂತ ತುಂಬಾ ಹುಡುಕಿದೆವು. ಸಿಗಲಿಲ್ಲ. ಯಾವ ಕಚೇರಿಗೆ ಏನು ಕೊಡಬೇಕು, ರಾತ್ರಿ ಬಲೆಗಳನ್ನು ಹೇಗೆ ತಪ್ಪಿಸಬೇಕು, ಇಬ್ಬರೇ ಇದ್ದರೆ ಮಲಗೋದು ಯಾವಾಗ, ಇವೆಲ್ಲ ಅವರಿವರನ್ನು ಕೇಳಿ ಕೇಳಿ ತಿಳಿದುಕೊಂಡದ್ದು. ಮುಂದೆ ಹೋಗುವವರಿಗೆ ಇಷ್ಟು ಅಲೆದಾಟ ಬೇಡ ಅಂತ ನೆನಪು ಹಸಿ ಇರುವಾಗಲೇ ಬರೆಯುತ್ತಿದ್ದೇನೆ.

ನಾನು ಧಾರವಾಡದ ಕಡೆಯವಳು. ಅವರು ಮಲ್ಪೆ ಹತ್ತಿರದವರು. ಕೆಲಸದ ಸಲುವಾಗಿ ವಾಸ್ಕೋದಲ್ಲಿ ನೆಲೆಸಿದ್ದೇವೆ. ಇಲ್ಲಿ ಬೈನಾ ಕಡೆ, ಝುವಾರಿನಗರದ ಕಡೆ ಹೋದರೆ ಅಂಗಡಿಯಲ್ಲಿ, ಬಸ್ಸಿನಲ್ಲಿ ನಮ್ಮ ಕಡೆಯ ಕನ್ನಡವೇ ಕಿವಿಗೆ ಬೀಳುತ್ತೆ. ಹಾಯಿ ಕಟ್ಟೋದು, ಬಿಚ್ಚೋದು ಕಲಿತದ್ದು ಇಬ್ಬರೂ ಇಲ್ಲೇ, ಸಣ್ಣ ದೋಣಿಗಳಲ್ಲಿ. ಆಮೇಲೆ ಈ ದೋಣಿ ಕೊಂಡು ಗ್ರಾಂಡೆ ದ್ವೀಪದ ತನಕ, ಬೇತುಲ್ ತನಕ ಹೋಗಿ ಸಂಜೆಯೊಳಗೆ ವಾಪಸ್ ಬರುತ್ತಿದ್ದೆವು. ಕತ್ತಲಾದ ಮೇಲೆ ಸಮುದ್ರದಲ್ಲಿ ಇದ್ದ ಅನುಭವ ಇರಲಿಲ್ಲ.

ರಾತ್ರಿ ಪಯಣ ಅಂದಾಗ ನನ್ನ ತಲೆಯಲ್ಲಿ ಇದ್ದದ್ದು ಗಾಳಿ, ಅಲೆ, ಕತ್ತಲು. ಅದನ್ನು ಬದಲಾಯಿಸಿದವರು ಖಾರಿವಾಡದ ಮೀನುಗಾರಿಕಾ ಜೆಟ್ಟಿಯಲ್ಲಿ ಸಿಕ್ಕ ಒಬ್ಬ ವಯಸ್ಸಾದ ತಾಂಡೇಲರು. ಜೀವಮಾನವೆಲ್ಲ ಟ್ರಾಲ್ ಬೋಟ್ ನಡೆಸಿದವರು. ನಾವು ಅಲೆ ಬಗ್ಗೆ ಕೇಳಿದರೆ ಅವರು ನಿದ್ದೆ ಬಗ್ಗೆ ಹೇಳಿದರು. "ರಾತ್ರಿ ಸಮುದ್ರ ನೋಡೋಕೆ ಒಬ್ಬ ಸಾಕು. ಇಬ್ಬರೂ ಎಚ್ಚರ ಇದ್ದರೆ ಬೆಳಗಿನ ಜಾವ ನೋಡೋಕೆ ಯಾರೂ ಇರೋದಿಲ್ಲ" ಅಂದರು. ಇಡೀ ಪಯಣದಲ್ಲಿ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಮಾತು. ಬಿರುಗಾಳಿಗೆ ತಯಾರಿ ಮಾಡುವಷ್ಟೇ ಶ್ರದ್ಧೆಯಿಂದ ನಿದ್ದೆಗೂ ತಯಾರಿ ಮಾಡಿ. ಹೊರಡುವ ಹಿಂದಿನ ಎರಡು ರಾತ್ರಿ ಮನೆಯಲ್ಲಿ ಬೇಗ ಮಲಗಿ. ಪ್ಯಾಕಿಂಗ್ ಎಲ್ಲ ಅದಕ್ಕೂ ಮುಂಚೆ ಮುಗಿದಿರಲಿ.

ಇನ್ನು ಕಾಗದಪತ್ರ. ಮೊದಲ ಅಡ್ಡಿ ಬಂದದ್ದು ವಿಮೆಯಿಂದ. ನಮ್ಮ ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಎರಡು ಸಾಲು ಇತ್ತು: ಗೋವಾ ಕರಾವಳಿಯೊಳಗೆ ಮಾತ್ರ, ಹಗಲು ಹೊತ್ತಿನಲ್ಲಿ ಮಾತ್ರ. ಅದನ್ನು ಬದಲಾಯಿಸಿ ಬರೆಸಿಕೊಳ್ಳದೆ ಹೊರಟಿದ್ದರೆ ಗೋವಾ ಗಡಿ ದಾಟಿದ ಮೇಲೆ ಆಗುವ ಯಾವ ನಷ್ಟಕ್ಕೂ ಕವಚ ಇರುತ್ತಿರಲಿಲ್ಲ. ಕಂಪನಿಯವರು ದೋಣಿಯ ಹೊಸ ಸರ್ವೆ ವರದಿ ಕೇಳಿದರು. ಸರ್ವೆಯರ್ ಬರೋದು ತಡವಾಯಿತು, ವರದಿ ಬರೋದು ಇನ್ನೂ ತಡವಾಯಿತು. ಜಾಸ್ತಿ ಕಟ್ಟಬೇಕಾದ ಪ್ರೀಮಿಯಂ 6 ಸಾವಿರದ ಆಸುಪಾಸು. ಹಣಕ್ಕಿಂತ ಕಾಯೋದೇ ಕಷ್ಟ. ಹಾಗಾಗಿ ಬೇರೆ ಎಲ್ಲಕ್ಕಿಂತ ಮೊದಲು ಪಾಲಿಸಿ ತೆಗೆದು ಓದಿ.

ಆಮೇಲೆ ಹೊರಡುವ ಕಡೆ, ಮುಟ್ಟುವ ಕಡೆ, ಎರಡೂ ಕಡೆ ತಿಳಿಸಬೇಕು. ನಾವು ಒಂದು ಫೈಲ್ ಮಾಡಿಕೊಂಡೆವು. ಅದರಲ್ಲಿ ದೋಣಿಯ ನೋಂದಣಿ, ಸರ್ವೆ, ವಿಮೆ, ದೋಣಿ ನಡೆಸುವವರ ಪ್ರಮಾಣಪತ್ರ, ಇಬ್ಬರ ಆಧಾರ್, ದೋಣಿಯ ಬಣ್ಣ ಮತ್ತು ನಂಬರ್ ಕಾಣುವ ಫೋಟೋ, ದಾರಿಯ ಅಕ್ಷಾಂಶ ರೇಖಾಂಶ, ಮುಟ್ಟುವ ಅಂದಾಜು ಸಮಯ, ದಡದಲ್ಲಿ ಯಾರಿಗೆ ಫೋನ್ ಮಾಡಬೇಕು ಅನ್ನೋದು. ಇದರ ಪ್ರತಿಗಳು ಗೋವಾದ ಬಂದರು ಕಚೇರಿಗಳಿಗೆ, ಕರಾವಳಿ ಪೊಲೀಸರಿಗೆ, ಕೋಸ್ಟ್ ಗಾರ್ಡ್‌ಗೆ, ಮಲ್ಪೆ ಬಂದರು ಕಚೇರಿಗೆ ಮತ್ತು ಕರ್ನಾಟಕದ ಕರಾವಳಿ ಕಾವಲು ಪೊಲೀಸರಿಗೆ ಹೋದವು. ಈ ಪೊಲೀಸ್ ಪಡೆಯ ಮುಖ್ಯ ಕಚೇರಿ ಮಲ್ಪೆಯಲ್ಲೇ ಇದೆ. 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಮೀನುಗಾರಿಕಾ ದೋಣಿ ಹಿಡಿದು ಸಮುದ್ರದ ದಾರಿಯಲ್ಲೇ ಬಂದರು. ಅಲ್ಲಿಂದ ಮುಂದೆ ಗುರುತು ಹೇಳದ ದೋಣಿಯನ್ನು ಈ ಕರಾವಳಿಯಲ್ಲಿ ಯಾರೂ ಸುಮ್ನೆ ಬಿಡೋದಿಲ್ಲ. ಬಿಡಲೂ ಬಾರದು. ಪ್ರತಿಯೊಂದು ಪ್ರತಿಯ ಮೇಲೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅದು ಎಷ್ಟು ಕೆಲಸಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಒಂದು ಕಚೇರಿಯಲ್ಲಿ ಮಾತ್ರ ತುಂಬಾ ಸುಸ್ತಾಯಿತು. ಅವರ ಹತ್ತಿರ ಇರುವ ನಮೂನೆಗಳು ಎರಡೇ ಬಗೆಯವು: ಸರಕು ಹಡಗಿನದು, ಮೀನುಗಾರಿಕಾ ಬೋಟಿನದು. ಗಂಡ ಹೆಂಡತಿ ಸ್ವಂತ ಖುಷಿಗೆ ಒಂದು ಊರಿಂದ ಇನ್ನೊಂದು ಊರಿಗೆ ಹಾಯಿದೋಣಿಯಲ್ಲಿ ಹೋಗೋದು ಯಾವ ಕಾಲಂನಲ್ಲೂ ಕೂರಲಿಲ್ಲ. "ಸರಕು ಏನು? ಏಜೆಂಟ್ ಯಾರು?" ಅಂತ ಕೇಳುತ್ತಾರೆ. ಇಲ್ಲ ಅಂದರೆ ನಾಳೆ ಬನ್ನಿ ಅನ್ನುತ್ತಾರೆ. ಕೊನೆಗೆ ಅಲ್ಲಿನ ಒಬ್ಬ ಹಿರಿಯ ಸಿಬ್ಬಂದಿಯೇ ದಾರಿ ತೋರಿಸಿದರು. ನಮೂನೆ ಬಿಟ್ಟು ಬಿಳಿ ಹಾಳೆಯಲ್ಲಿ ಅರ್ಜಿ ಬರೆಯಿರಿ, ಪಯಣದ ಉದ್ದೇಶ "ವಿಹಾರ" ಅಂತ ಹಾಕಿ, ಜೊತೆಗೆ ಫೈಲಿನ ಪ್ರತಿ ಲಗತ್ತಿಸಿ ಅಂದರು. ಅದೇ ದಿನ ಮುದ್ರೆ ಬಿತ್ತು. ನಿಮಗೂ ಇದೇ ತೊಡಕು ಬಂದರೆ ಮೊದಲೇ ಈ ದಾರಿ ಹಿಡಿಯಿರಿ.

ಸಂಪರ್ಕದ ಬಗ್ಗೆ ಒಂದು ಎಚ್ಚರಿಕೆ. ವಿದೇಶದವರು ಬರೆದ ಪಯಣದ ಬರಹಗಳಲ್ಲಿ ಉಪಗ್ರಹ ಫೋನ್, ಉಪಗ್ರಹದ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್ ಸಾಧನ ಇಲ್ಲದೆ ಹೋಗಲೇಬೇಡಿ ಅಂತ ಇರುತ್ತೆ. ನಮ್ಮ ದೇಶದಲ್ಲಿ ಸರಕಾರದ ಅನುಮತಿ ಇಲ್ಲದೆ ಇವನ್ನು ಇಟ್ಟುಕೊಳ್ಳುವ ಹಾಗಿಲ್ಲ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗರನ್ನು ಗೋವಾ ವಿಮಾನ ನಿಲ್ದಾಣದಲ್ಲೇ ತಡೆದ ಸುದ್ದಿಗಳು ಬಂದಿವೆ. ಅದರ ಬದಲು ಲೈಸೆನ್ಸ್ ಇರುವ ವಿಎಚ್ಎಫ್ ರೇಡಿಯೋ ಬೇಕು, ಅದು ಸದಾ ಚಾನೆಲ್ 16ರಲ್ಲಿ, ಅಂದರೆ ಅಪಾಯದ ಕರೆಗೆ ಎಲ್ಲರೂ ಕಿವಿಗೊಡುವ ಚಾನೆಲ್‌ನಲ್ಲಿ, ಇರಬೇಕು. ಕೈಯಲ್ಲಿ ಹಿಡಿಯುವ ಇನ್ನೊಂದು ಸೆಟ್ ಕೂಡ ಇರಲಿ. 406 ಮೆಗಾಹರ್ಟ್ಸ್ ಅಪಾಯ ಸೂಚಕ ಬೀಕನ್ ಇದ್ದರೆ ಅದನ್ನು ಬೆಂಗಳೂರಿನಲ್ಲಿರುವ ಇಸ್ರೋದ ಕೇಂದ್ರದಲ್ಲಿ ನೋಂದಾಯಿಸಬೇಕು. ದಡದಲ್ಲಿರುವವರ ಫೋನಿನಲ್ಲಿ ಕೋಸ್ಟ್ ಗಾರ್ಡ್‌ನ 1554 ನಂಬರ್ ಉಳಿಸಿಕೊಡಿ.

ಅತ್ತೆಯನ್ನು ಒಪ್ಪಿಸೋದು ಯಾವ ಕಚೇರಿಗಿಂತ ಕಷ್ಟವಾಗಿತ್ತು. ಅವರು ಹುಟ್ಟಿದ್ದು ಬೆಳೆದದ್ದು ಕಡಲ ದಡದಲ್ಲೇ. ಅದಕ್ಕೇ ಭಯ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಕಾಣೆಯಾಯಿತು. ಅದರಲ್ಲಿದ್ದ 7 ಜನ ಮರಳಲಿಲ್ಲ. ತಿಂಗಳುಗಟ್ಟಲೆ ಹುಡುಕಿದ ಮೇಲೆ 2019ರ ಮೇನಲ್ಲಿ ಮಹಾರಾಷ್ಟ್ರದ ಮಾಲ್ವಣ್ ಕಡೆ ಸಮುದ್ರದ ತಳದಲ್ಲಿ ಅವಶೇಷ ಸಿಕ್ಕಿತು. ಮಲ್ಪೆಯ ಮನೆಗಳಲ್ಲಿ ಆ ನೋವು ಇನ್ನೂ ಇದೆ. "ಅವರು ಸಮುದ್ರ ಗೊತ್ತಿದ್ದವರು ಮಾರಾಯ್ತಿ, ನಿಮಗೇನು ಗೊತ್ತುಂಟು?" ಅಂತ ಅತ್ತೆ ಫೋನಿನಲ್ಲಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವ ಹೊತ್ತಿಗೆ ಎಲ್ಲಿ ಇರುತ್ತೇವೆ ಅಂತ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸಿದೆವು. ಇಂಥ ಹೊತ್ತಿನೊಳಗೆ ನಮ್ಮಿಂದ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು ಅನ್ನೋದನ್ನೂ ಬರೆದೆವು. ಅತ್ತೆ ಅದನ್ನು ದೇವರ ಕೋಣೆಯ ಗೋಡೆಗೆ ಅಂಟಿಸಿದರು. ಬೇಡ ಅನ್ನೋದು ಅಲ್ಲಿಗೆ ನಿಂತಿತು.

ಖರ್ಚಿನ ವಿಷಯ ಹೇಳಿಬಿಡುತ್ತೇನೆ. ತಾನಾಗಿ ಉಬ್ಬುವ, ಹಾರ್ನೆಸ್ ಇರುವ ಎರಡು ಲೈಫ್ ಜಾಕೆಟ್ ಮತ್ತು ಅವನ್ನು ದೋಣಿಗೆ ಸಿಕ್ಕಿಸುವ ಪಟ್ಟಿಗಳಿಗೆ 25 ಸಾವಿರದ ಹತ್ತಿರ ಹೋಯಿತು. ಎಲ್ಲಕ್ಕಿಂತ ದೊಡ್ಡ ಖರ್ಚು ಅದೇ, ಅದರಲ್ಲಿ ಉಳಿಸಲು ಹೋಗಬೇಡಿ. ಅಪಾಯ ಸೂಚಕ ಫ್ಲೇರ್‌ಗಳ ಮೇಲೆ ಮುಗಿಯುವ ದಿನಾಂಕ ಇರುತ್ತೆ, ನೋಡಿ ಕೊಳ್ಳಿ. ಡೀಸೆಲ್‌ಗೆ 4 ಸಾವಿರ. ಎಂಜಿನ್‌ನ ಹೆಚ್ಚುವರಿ ಡೀಸೆಲ್ ಫಿಲ್ಟರ್, ಬೆಲ್ಟ್, ನೀರಿನ ಪಂಪಿನ ರಬ್ಬರ್ ರೆಕ್ಕೆ, ಎಲ್ಲ ಸೇರಿ 3 ಸಾವಿರದೊಳಗೆ.

ಎಲ್ಲ ಸಿದ್ಧ ಆದ ಮೇಲೆ ಹವೆಗಾಗಿ ಕಾದೆವು. ಹೈದರಾಬಾದ್‌ನ ಇಂಕಾಯ್ಸ್ ಸಂಸ್ಥೆ ಕೊಡುವ ಸಮುದ್ರದ ಮುನ್ಸೂಚನೆ ಉಚಿತ, ಅಲೆಯ ಎತ್ತರ ಮತ್ತು ದಿಕ್ಕು ಎರಡೂ ಸಿಗುತ್ತೆ. ಫೆಬ್ರವರಿಯಲ್ಲಿ ನಮ್ಮ ಕಡೆ ಗಾಳಿ ಇಲ್ಲದಿದ್ದರೂ ಕೆಲವೊಮ್ಮೆ ವಾಯವ್ಯದಿಂದ ದೊಡ್ಡ ಉಬ್ಬು ಅಲೆ ಬರುತ್ತೆ. ಅರೇಬಿಯಾ ಕಡೆ ಬೀಸುವ ಶಮಾಲ್ ಗಾಳಿ ಎಬ್ಬಿಸಿದ ಅಲೆ ಅದು. ದೋನಾಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಇದರ ಬಗ್ಗೆ ಅಧ್ಯಯನ ಮಾಡಿದ್ದಾರೆ. ಅಂಥದ್ದೊಂದು ಬಂದು ಹೋಗೋ ತನಕ ಸುಮ್ಮನಿದ್ದೆವು. ಜೊತೆಗೆ ಹುಣ್ಣಿಮೆಗೆ ಎರಡು ದಿನ ಮುಂಚಿನ ರಾತ್ರಿಯನ್ನು ಆರಿಸಿದೆವು. ಸೂರ್ಯ ಮುಳುಗುವಾಗಲೇ ಚಂದ್ರ ಮೇಲೆ ಇರುತ್ತಾನೆ, ಬೆಳಗಿನ ಜಾವದ ತನಕ ಬೆಳಕು. ಬೆಳದಿಂಗಳಲ್ಲಿ ಎಲ್‌ಇಡಿ ಹಾಕಿ ಮೀನು ಹಿಡಿಯುವುದು ಅಷ್ಟಾಗಿ ನಡೆಯೋದಿಲ್ಲ. ಅದಕ್ಕೆ 2017ರಿಂದ ನಿಷೇಧ ಇದ್ದರೂ ಕತ್ತಲ ರಾತ್ರಿಗಳಲ್ಲಿ ಕಣ್ಣು ಕುಕ್ಕುವ ಆ ಬೆಳಕು ಕಾಣುತ್ತೆ, ಹತ್ತಿರದ ಸಣ್ಣ ದೀಪಗಳನ್ನು ನುಂಗಿಬಿಡುತ್ತೆ.

ಬೆಳಗ್ಗೆ 9ಕ್ಕೆ ಇಳಿತದ ಜೊತೆ ಝುವಾರಿ ನದಿಯಿಂದ ಹೊರಬಿದ್ದೆವು. ಅಳಿವೆ ದಾಟುವಾಗ ಬಾರ್ಜ್‌ಗಳಿಗೆ, ಬಂದರಿಗೆ ಬರುವ ಹಡಗುಗಳಿಗೆ ದಾರಿ ಬಿಟ್ಟು ಅಂಚಿನಲ್ಲೇ ಹೋದೆವು. ಮಧ್ಯಾಹ್ನದ ತನಕ ಗಾಳಿ ಮಂದ. ಕಾಬೋ ದ ರಾಮ ಕೋಟೆಯ ಗುಡ್ಡ ಎಡಕ್ಕೆ ಬಂದ ಹೊತ್ತಿಗೆ ವಾಯವ್ಯದ ಕಡಲಗಾಳಿ ಏರಿತು, ಸುಮಾರು 15 ನಾಟ್ (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು). ದಕ್ಷಿಣಕ್ಕೆ ಹೋಗುವವರಿಗೆ ಬೆನ್ನ ಮೇಲಿನ ಗಾಳಿ. ದೋಣಿ 6 ನಾಟ್‌ನಲ್ಲಿ ಓಡಿತು. ನಮ್ಮನೆಯವರು ಊಟ ಆದ ಕೂಡಲೇ ಮಲಗಿದರು, ಆಮೇಲೆ ನಾನು. ಹಗಲಲ್ಲಿ ನಿದ್ದೆ ಬರೋದಿಲ್ಲ ಅಂದರೂ ಕಣ್ಣು ಮುಚ್ಚಿ ಬಿದ್ದುಕೊಳ್ಳಬೇಕು ಅನ್ನೋದು ನಮ್ಮ ಕರಾರು.

ಮಲಗುವ ಜಾಗದ ಬಗ್ಗೆ: ಮುಂದಿನ ಹಾಸಿಗೆ ಅಲೆಗೆ ಎದ್ದೆದ್ದು ಬೀಳುತ್ತೆ. ಕ್ಯಾಬಿನ್‌ನ ಮಧ್ಯೆ, ನೆಲದ ಮೇಲೆ ಚಾಪೆ ಹಾಸಿ, ಎರಡೂ ಪಕ್ಕ ದಿಂಬು ಒತ್ತಿಟ್ಟುಕೊಂಡರೆ ಮೈ ಹೊರಳೋದಿಲ್ಲ. ವಾಂತಿ ಮಾತ್ರೆ ಬೇಕಿದ್ದರೆ ಡಾಕ್ಟರನ್ನು ಕೇಳಿ ಮೊದಲೇ ದಡದಲ್ಲಿ ಒಮ್ಮೆ ತೆಗೆದುಕೊಂಡು ನೋಡಿ. ಕೆಲವು ಮಾತ್ರೆ ತುಂಬಾ ತೂಕಡಿಕೆ ತರುತ್ತವೆ, ಕಾವಲು ಕೂರುವವರಿಗೆ ಅದು ಆಗಬಾರದು. ಊಟಕ್ಕೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಚುರುಮುರಿ, ಬಾಳೆಹಣ್ಣು, ಎರಡು ಫ್ಲಾಸ್ಕ್ ಶುಂಠಿ ಚಹಾ. ರಾತ್ರಿ ಒಲೆ ಹಚ್ಚುವ ಪ್ರಸಂಗವೇ ಬರಲಿಲ್ಲ.

ಸೂರ್ಯ ಮುಳುಗೋ ಮೊದಲು ದೊಡ್ಡ ಹಾಯಿಯನ್ನು ಒಂದು ಮಡಿಕೆ ಇಳಿಸಿ ಸಣ್ಣದು ಮಾಡಿದೆವು. ಗಾಳಿ ಜಾಸ್ತಿ ಇರಲಿ ಬಿಡಲಿ, ಕತ್ತಲಲ್ಲಿ ಒಬ್ಬರೇ ನಿಭಾಯಿಸುವಷ್ಟು ಹಾಯಿ ಮಾತ್ರ ಮೇಲೆ ಇರಬೇಕು. ಜಾಕೆಟ್ ತೊಟ್ಟು, ಪಟ್ಟಿಯನ್ನು ದೋಣಿಗೆ ಸಿಕ್ಕಿಸಿಕೊಂಡೆವು. ಇನ್ನೊಬ್ಬರನ್ನು ಎಬ್ಬಿಸದೆ ಯಾರೂ ಕಾಕ್‌ಪಿಟ್, ಅಂದರೆ ದೋಣಿ ನಡೆಸಲು ಕೂರುವ ಜಾಗ, ಬಿಟ್ಟು ಮುಂದಕ್ಕೆ ಹೋಗುವ ಹಾಗಿಲ್ಲ. ಅನುಮಾನ ಬಂದರೆ ಎಬ್ಬಿಸಬೇಕು, ಎಬ್ಬಿಸಿದ್ದಕ್ಕೆ ಸಿಟ್ಟು ಮಾಡುವ ಹಾಗಿಲ್ಲ. ಮೂರು ಮೂರು ಗಂಟೆಯ ಪಾಳಿ: 7ರಿಂದ 10 ಅವರು, 10ರಿಂದ 1 ನಾನು, 1ರಿಂದ 4 ಅವರು, 4ರಿಂದ ಬೆಳಕಾಗೋ ತನಕ ನಾನು.

ಕಾರವಾರದ ಹತ್ತಿರ ಅಂಜುದೀವ್ ದ್ವೀಪ, ಐಎನ್ಎಸ್ ಕದಂಬ ನೌಕಾನೆಲೆ ಇವೆ. ಆ ಭಾಗವನ್ನು 12 ಮೈಲು ದೂರ ಬಿಟ್ಟು ಹಾದುಹೋಗೋ ಲೆಕ್ಕ ಹಾಕಿದ್ದೆವು. ಆದರೂ ಕತ್ತಲು ಕವಿಯೋ ಹೊತ್ತಿಗೆ ರೇಡಿಯೋ ಕೂಗಿತು. ನಮ್ಮ ಸ್ಥಾನ ಹೇಳಿ, ಆ ಜಾಗದಲ್ಲಿರುವ ಹಾಯಿದೋಣಿ ಗುರುತು ತಿಳಿಸಲಿ ಅಂದರು. ದೂರದಲ್ಲಿ ಒಂದು ಬೂದು ಬಣ್ಣದ ಹಡಗು ಕಾಣುತ್ತಿತ್ತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ನಮ್ಮನೆಯವರು ಮೈಕ್ ಹಿಡಿದರು, ನಾನು ಫೈಲ್ ತೆರೆದು ಹಿಡಿದೆ. ದೋಣಿಯ ಹೆಸರು, ನೋಂದಣಿ ನಂಬರ್, ಎಲ್ಲಿಂದ, ಎಲ್ಲಿಗೆ, ಎಷ್ಟು ಜನ, ಯಾವ ದೇಶದವರು, ಯಾವ ಕಚೇರಿಗೆ ಯಾವ ದಿನಾಂಕದಲ್ಲಿ ತಿಳಿಸಿದ್ದೇವೆ, ಎಲ್ಲ ಓದಿದರು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಸುರಕ್ಷಿತ ಪಯಣ ಅಂತ ಹಾರೈಸಿದರು. ಆ ಮುದ್ರೆಗಳಿಗಾಗಿ ಕಾದ ಬೇಸರವೆಲ್ಲ ಆ ಕ್ಷಣಕ್ಕೆ ಹೋಯಿತು.

ದಡದ ದೀಪಗಳು ಮರೆಯಾದಾಗ ಮಾತ್ರ ಹೊಟ್ಟೆಯೊಳಗೆ ಏನೋ ಕುಸಿಯಿತು. ಹಗಲಲ್ಲಿ ದಡ ಕಾಣದಿದ್ದರೆ ಇಷ್ಟು ಅನಿಸೋದಿಲ್ಲ. ಕಾರವಾರದ ಎದುರಿನ ಆಯ್ಸ್ಟರ್ ರಾಕ್ ದೀಪಸ್ತಂಭದ ಮಿಂಚು ತುಂಬಾ ಹೊತ್ತು ಕಂಡಿತು. ಪ್ರತಿ ದೀಪಸ್ತಂಭಕ್ಕೂ ತನ್ನದೇ ಎಣಿಕೆ ಇರುತ್ತೆ, ಇಷ್ಟು ಸೆಕೆಂಡಿಗೆ ಇಷ್ಟು ಮಿಂಚು ಅಂತ. ನಕಾಶೆಯಲ್ಲಿ ಬರೆದಿರುತ್ತೆ. ಬಾಯಲ್ಲಿ ಎಣಿಸಿ ತಾಳೆ ನೋಡುತ್ತಾ ಕೂತೆ. ಕೈಗೆ ಕೆಲಸ ಸಿಕ್ಕಿದಾಗ ಹೆದರಿಕೆ ತಗ್ಗಿತು. 8 ಗಂಟೆಗೆ ಅವರು "ಹೋಗಿ ಮಲಗು ಮಾರಾಯ್ತಿ, ನಿನ್ನ ಪಾಳಿ ಹತ್ತಕ್ಕೆ ಉಂಟು" ಅಂತ ಕೆಳಗೆ ಕಳಿಸಿದರು.

ನನ್ನ ಪಾಳಿ ಶುರುವಾಗಿ ಸ್ವಲ್ಪ ಹೊತ್ತಿಗೆ ಗಾಳಿ ಪೂರ್ತಿ ಸತ್ತಿತು. ಇದು ಈ ಕರಾವಳಿಯ ದಿನಚರಿ. ಸಂಜೆಯ ಕಡಲಗಾಳಿ ನಿಂತು, ನಡುರಾತ್ರಿಯ ನಂತರ ದಡದಿಂದ ನೆಲಗಾಳಿ ಬೀಸೋ ತನಕ ಮಧ್ಯೆ ಖಾಲಿ. ಹಾಯಿ ಪಟಪಟ ಬಡಿಯುತ್ತೆ, ದೋಣಿ ಅಡ್ಡಡ್ಡ ಹೊಯ್ದಾಡುತ್ತೆ. ಎಂಜಿನ್ ಹಾಕಿದೆ. 12 ನಿಮಿಷಕ್ಕೊಮ್ಮೆ ಗಡಿಯಾರ ಕೂಗುವ ಹಾಗೆ ಇಟ್ಟುಕೊಂಡು, ಕೂಗಿದಾಗಲೆಲ್ಲ ಎದ್ದು ನಿಂತು ಸುತ್ತ ಒಂದು ಸುತ್ತು ನೋಡುತ್ತಿದ್ದೆ. ಹಡಗಿನ ಕೆಂಪು ದೀಪ ಅದರ ಎಡಕ್ಕೆ, ಹಸಿರು ಬಲಕ್ಕೆ. ಎರಡೂ ಒಟ್ಟಿಗೆ ಕಂಡರೆ ಅದು ನಿಮ್ಮ ಕಡೆಗೇ ಬರುತ್ತಿದೆ. ಒಂದು ದೀಪವನ್ನು ದಿಕ್ಸೂಚಿಯಲ್ಲಿ ಅಳೆದು ನೋಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆದಾಗ ದಿಕ್ಕು ಬದಲಾಗದೆ ದೀಪ ದೊಡ್ಡದಾಗಿದ್ದರೆ ಡಿಕ್ಕಿಯ ಅಪಾಯ ಇದೆ ಅಂತ ತಿಳಿಯಿರಿ. ಇದು ಗಟ್ಟಿ ಪರೀಕ್ಷೆ. ಆದರೆ ಮೀನುಗಾರಿಕಾ ದೋಣಿಗಳ ದೀಪ ಎಲ್ಲ ಸಲ ಪುಸ್ತಕದಂತೆ ಇರೋದಿಲ್ಲ.

ಹೊನ್ನಾವರದ ಹೊರಗೆ ಇದ್ದೆವು ಅನಿಸುತ್ತೆ. ಮುಂದೆ ನೀರಿನ ಮಟ್ಟದಲ್ಲಿ ಒಂದು ಪುಟ್ಟ ದೀಪ, ಕೆಂಪು, ನೀಲಿ, ಹಸಿರು ಅಂತ ಬಣ್ಣ ಬದಲಿಸುತ್ತಾ ಮಿನುಗುತ್ತಿತ್ತು. ಬಲೆಯ ತುದಿಯ ಗುರುತು. ಇನ್ನೊಂದು ತುದಿ ಎಲ್ಲಿ ಅಂತ ಗೊತ್ತಿಲ್ಲ. ಹೀಗೆ ತೇಲಿಬಿಡುವ ಬಲೆಗಳು ಮೈಲುಗಟ್ಟಲೆ ಇರುತ್ತವೆ. ತಾಂಡೇಲರು ಹೇಳಿದ್ದನ್ನೇ ಮಾಡಿದೆ: ತಕ್ಷಣ ಎಂಜಿನ್ ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿದೆ. ಹಾಯಿದೋಣಿಯ ತಳ ಎಷ್ಟೋ ಸಲ ಬಲೆಯ ಮೇಲೆ ಜಾರಿ ಹೋಗುತ್ತೆ. ತಿರುಗುವ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಎಂಜಿನ್ ಹೋಯಿತು, ಬಡವರ ಬಲೆಯೂ ಹೋಯಿತು. ಆಮೇಲೆ ಕೆಳಗೆ ಕೂಗಿದೆ. "ಏನ್ರಿ, ಏಳ್ರಿ, ಬಲೆ ಐತಿ!"

ಅವರು ಮೇಲೆ ಬರೋದರೊಳಗೆ ಬಲಗಡೆಯಿಂದ ಒಂದು ಟಾರ್ಚ್ ನಮ್ಮ ಹಾಯಿಯ ಮೇಲೆ ಬಿತ್ತು. ನಾಡದೋಣಿ. ಅದರಲ್ಲಿ ಇಬ್ಬರೋ ಮೂವರೋ ಇದ್ದರು. ಒಬ್ಬರು ಎದ್ದು ನಿಂತು "ಬಲೆ ಉಂಟು! ಹೊರಗೆ ಹೋಗಿ, ಹೊರಗೆ!" ಅಂತ ಪಶ್ಚಿಮಕ್ಕೆ ಕೈ ಬೀಸಿದರು. ಟಾರ್ಚನ್ನು ನೀರಿನ ಮೇಲೆ ಉದ್ದಕ್ಕೆ ಓಡಿಸಿ ಬಲೆ ಎಲ್ಲಿವರೆಗೆ ಇದೆ ಅಂತ ತೋರಿಸಿದರು. ಬೆಳದಿಂಗಳಲ್ಲಿ ಬಿಳಿ ಬೆಂಡುಗಳ ಸಾಲು, ಮಲ್ಲಿಗೆ ದಂಡೆ ನೀರಿಗೆ ಬಿಟ್ಟ ಹಾಗೆ, ಅಲೆಯ ಜೊತೆ ಏಳುತ್ತಾ ಇಳಿಯುತ್ತಾ ನಮ್ಮ ಮುಂದಿನಿಂದ ದೂರಕ್ಕೆ ಹೋಗಿತ್ತು. ಹತ್ತಿರದ ಬೆಂಡು ಕೈಗೆ ಎಟುಕುವಷ್ಟು ಪಕ್ಕದಲ್ಲಿತ್ತು. ಒಂದಕ್ಕೆ ನೀಲಿ ಹಗ್ಗದ ಗಂಟು, ಅದಕ್ಕೆ ಸಿಕ್ಕಿಕೊಂಡ ಸಣ್ಣ ಪಾಚಿ, ಎಲ್ಲ ಕಾಣುತ್ತಿತ್ತು. ಹುಟ್ಟು ಹಾಕಿ ದೋಣಿಯ ಮೂತಿ ತಿರುಗಿಸಿ, ಬಲೆಯಿಂದ ದೂರ ಸರಿದ ಮೇಲೆ ಎಂಜಿನ್ ಗೇರಿಗೆ ಹಾಕಿ ಸುತ್ತುಬಳಸಿ ಹೋದೆವು. ಆ ದೋಣಿಯವರು ನಾವು ದಾಟೋ ತನಕ ಟಾರ್ಚ್ ಹಿಡಿದಿದ್ದರು. ಅವರಿಗೆ ಅದು ರಾತ್ರಿಯ ದುಡಿಮೆಯ ಹೊತ್ತು. ನಮಗಾಗಿ ಅಷ್ಟು ಹೊತ್ತು ಕೊಟ್ಟರು. ಅವರ ಮುಖ ಸರಿಯಾಗಿ ಕಾಣಲಿಲ್ಲ. ಕೂಗಿ ಹೇಳಿದ ಥ್ಯಾಂಕ್ಸ್ ಕೇಳಿಸಿರಲಿ ಅಂತ ಈಗಲೂ ಅಂದುಕೊಳ್ಳುತ್ತೇನೆ.

1 ಗಂಟೆಗೆ ಪಾಳಿ ಬದಲಾಯಿತು. ನನಗೆ ನಿದ್ದೆ ಬರಲಿಲ್ಲ. ಎಂಜಿನ್ ಸದ್ದಿನ ಒಳಗಿಂದ ಯಾರೋ ಮಾತಾಡುತ್ತಿರೋದು ಕೇಳಿಸುತ್ತಿತ್ತು, ಹೆಣ್ಣು ದನಿ, ಶಬ್ದ ಮಾತ್ರ ತಿಳಿಯೋದಿಲ್ಲ. ನಿದ್ದೆಗೆಟ್ಟ ತಲೆ ಹೀಗೆ ಮಾಡುತ್ತೆ ಅಂತ ಮೊದಲೇ ಕೇಳಿದ್ದರಿಂದ ಹೆದರಲಿಲ್ಲ. ನಿಮಗೂ ಕೇಳಿಸಬಹುದು, ಗಾಬರಿ ಬೇಡ. 2ರ ಸುಮಾರಿಗೆ ನೆಲಗಾಳಿ ಬಂತು. ಬಂದದ್ದು ಮೂಗಿಗೆ ಮೊದಲು ಗೊತ್ತಾಯಿತು. ಸುಟ್ಟ ತರಗೆಲೆ, ಒದ್ದೆ ಮಣ್ಣು. ಅವರು ಎಂಜಿನ್ ಆರಿಸಿ ಹಾಯಿ ಬಿಗಿದರು. ಸದ್ದು ನಿಂತದ್ದೇ ತಡ, ಸತ್ತವಳಂತೆ ಮಲಗಿದೆ.

ದಾರಿಯಲ್ಲಿ ನೇತ್ರಾಣಿ ದ್ವೀಪ ಬರುತ್ತೆ. ಮುರ್ಗಾಂವ್‌ನಿಂದ ಸೇಂಟ್ ಮೇರೀಸ್‌ಗೆ ನೇರ ಗೆರೆ ಎಳೆದರೆ ಅದು ನೇತ್ರಾಣಿಯ ಒಳಬದಿಯಲ್ಲಿ, ಕೆಲವೇ ಮೈಲು ಅಂತರದಲ್ಲಿ ಹೋಗುತ್ತೆ. ನಾವು ಹೊರಬದಿ ಹಿಡಿದು ದೂರ ಬಿಟ್ಟು ಹೋದೆವು. ಆ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತೆ. ಹೊರಡುವ ಮೊದಲು ಡೆಹ್ರಾಡೂನ್‌ನ ನೌಕಾ ಜಲಮಾಪನ ಕಚೇರಿ ಹೊರಡಿಸುವ ಎಚ್ಚರಿಕೆಗಳನ್ನು ನೋಡಿಕೊಳ್ಳಿ, ಅಭ್ಯಾಸ ಇದ್ದರೆ ಅದರಲ್ಲಿ ಇರುತ್ತೆ.

ನನ್ನ ಕೊನೆಯ ಪಾಳಿಯಲ್ಲಿ ಚಂದ್ರ ಮುಳುಗಿದ. ಅಲ್ಲಿಂದ ಬೆಳಕು ಹರಿಯೋ ತನಕ ನಿಜವಾದ ಕತ್ತಲು. ಆ ಒಂದೂವರೆ ಗಂಟೆ ಇಡೀ ರಾತ್ರಿಗಿಂತ ಉದ್ದ ಅನಿಸಿತು. ಚಳಿಯೂ ಇತ್ತು. ಫೆಬ್ರವರಿಯ ಸೆಕೆ ಅಂತ ಸ್ವೆಟರ್ ಬಿಟ್ಟು ಬರಬೇಡಿ, ಇಬ್ಬನಿಗೆ ಕಾಕ್‌ಪಿಟ್ ಪೂರ್ತಿ ಒದ್ದೆಯಾಗುತ್ತೆ. ಘಟ್ಟದ ಸಾಲು ಮೆಲ್ಲಗೆ ಕಪ್ಪಾಗಿ ಎದ್ದು ಕಂಡಾಗ ನನಗೆ ಅಳು ಬಂತು. ದುಃಖಕ್ಕಲ್ಲ. ನೆಲ ಕಂಡಿತಲ್ಲ ಅಂತ.

ಬೆಳಗ್ಗೆ ಗಾಳಿ ತಗ್ಗಿತು, ಎಂಜಿನ್ ಹಾಕಿದೆವು. ಸ್ವಲ್ಪ ಹೊತ್ತಿಗೆ ಅದು ಕೆಮ್ಮಿ ಕೆಮ್ಮಿ ನಿಂತಿತು. ರಾತ್ರಿಯೆಲ್ಲ ಅಲುಗಾಡಿ ಡೀಸೆಲ್ ಟ್ಯಾಂಕಿನ ತಳದ ಗಸಿ ಎದ್ದು ಫಿಲ್ಟರ್ ಕಟ್ಟಿಕೊಂಡಿತ್ತು. ಹಳೆಯ ದೋಣಿಗಳಲ್ಲಿ ಇದು ಸಾಮಾನ್ಯ. ಅವರು ಸರಿಯಾಗಿ ನಿದ್ದೆ ಮಾಡಿ ಎದ್ದಿದ್ದರು. ಅವಸರ ಇಲ್ಲದೆ ಫಿಲ್ಟರ್ ಬದಲಿಸಿ, ಪೈಪಿನ ಗಾಳಿ ತೆಗೆದು, ಅರ್ಧ ಗಂಟೆಯಲ್ಲಿ ಮತ್ತೆ ಚಾಲೂ ಮಾಡಿದರು. ಅಷ್ಟರಲ್ಲಿ ನಾನು ಉಳಿದ ಗಾಳಿಯಲ್ಲೇ ದೋಣಿಯನ್ನು ನೇರ ಹಿಡಿದಿದ್ದೆ. ನಿದ್ದೆಗೆಟ್ಟ ಇಬ್ಬರಿಂದ ಆ ಡೀಸೆಲ್ ವಾಸನೆಯಲ್ಲಿ ಆ ಕೆಲಸ ಆಗುತ್ತಿರಲಿಲ್ಲ. ಕುಂದಾಪುರದ ಹತ್ತಿರ ಫೋನಿಗೆ ಸಿಗ್ನಲ್ ಬಂತು. ಅತ್ತೆ ಮೊದಲ ರಿಂಗಿಗೇ ಎತ್ತಿದರು.

ನಡುಮಧ್ಯಾಹ್ನದ ಹೊತ್ತಿಗೆ ತೆಂಗಿನಮರಗಳ ತಲೆ ಕಂಡಿತು. ಸೂರ್ಯ ಮೇಲೆ ಇರುವಾಗಲೇ ಹತ್ತಿರ ಹೋಗಬೇಕು, ಆಗ ನೀರಿನೊಳಗಿನ ಬಂಡೆಗಳ ಕಂದು ಬಣ್ಣ ಕಾಣುತ್ತೆ. ದ್ವೀಪದ ಪೂರ್ವಕ್ಕೆ, ದಡದಿಂದ ಸಾಕಷ್ಟು ಆಚೆ ಲಂಗರು ಹಾಕಿದೆವು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದಲ್ಲಿ ಹರಿದ ಲಾವಾ ತಣಿದು ನಿಂತ ಕಲ್ಲಿನ ಕಂಬಗಳು ಇಲ್ಲಿಯವು. ಆರು ಮೂಲೆ, ಐದು ಮೂಲೆಯ ಕಂಬಗಳು ಒತ್ತೊತ್ತಾಗಿ ನಿಂತಿರೋದನ್ನು ಸಮುದ್ರದ ಕಡೆಯಿಂದ, ಜನರ ಗದ್ದಲ ಇಲ್ಲದೆ ನೋಡಿದೆವು. ಇಳಿಯೋ ಆಸೆ ಇತ್ತು. ಜೀವರಕ್ಷಕ ಸಿಬ್ಬಂದಿ ಸೀಟಿ ಊದಿ ಬೇಡ ಅಂತ ಸನ್ನೆ ಮಾಡಿದರು. ಖಾಸಗಿ ದೋಣಿಯಿಂದ ನೇರ ಇಳಿಯುವ ಹಾಗಿಲ್ಲ, ಮಲ್ಪೆಯಿಂದ ಪ್ರವಾಸಿ ಬೋಟಿನಲ್ಲೇ ಬರಬೇಕು. ರಾತ್ರಿ ದ್ವೀಪದಲ್ಲಿ ಉಳಿಯೋಕಂತೂ ಬಿಡೋದೇ ಇಲ್ಲ. ಉಳಿದ ರೊಟ್ಟಿಯನ್ನು ಲಂಗರು ಹಾಕಿದ ದೋಣಿಯಲ್ಲೇ ಕೂತು ತಿಂದೆವು.

ಉಬ್ಬರ ಏರುವ ಹೊತ್ತು ನೋಡಿ ಮಲ್ಪೆ ಬಂದರಿಗೆ ಹೋದೆವು. ಒಳಗೆ ಬೋಟುಗಳು ಮೈಗೆ ಮೈ ತಾಗಿ ನಿಂತಿರುತ್ತವೆ. ಪರಿಚಯದವರು ಮೊದಲೇ ಒಂದು ಬೋಟಿನ ಪಕ್ಕ ಜಾಗ ಮಾತಾಡಿ ಇಟ್ಟಿರದಿದ್ದರೆ ಕಟ್ಟೋಕೆ ಜಾಗ ಸಿಗುತ್ತಿರಲಿಲ್ಲ. ನೀವೂ ಹಾಗೆ ಯಾರನ್ನಾದರೂ ಹಿಡಿದೇ ಹೋಗಿ. ಕಾವಲು ಪೊಲೀಸರು ಬಂದು ಫೈಲ್ ನೋಡಿ, ದೋಣಿಯೊಳಗೆ ಕಣ್ಣಾಡಿಸಿ, ಚಹಾ ಕುಡಿದು ಹೋದರು. ಅತ್ತೆ ಜೆಟ್ಟಿಯಲ್ಲಿ ನಿಂತಿದ್ದರು. ಏನೂ ಮಾತಾಡಲಿಲ್ಲ, ನನ್ನ ಕೈಯನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಮರುದಿನ ಮೂವರೂ ಪ್ರವಾಸಿ ಬೋಟಿನಲ್ಲಿ ದ್ವೀಪಕ್ಕೆ ಹೋಗಿ ಬಂದೆವು.

ದೋಣಿ ಈಗ ಮಲ್ಪೆಯಲ್ಲೇ ಇದೆ. ಮಳೆಗಾಲಕ್ಕೆ ಮುಂಚೆ ವಾಪಸ್ ಗೋವಾಕ್ಕೆ ತರಬೇಕು. ಉತ್ತರಕ್ಕೆ ಹೋಗುವಾಗ ಅದೇ ವಾಯವ್ಯದ ಗಾಳಿ ಎದುರು ಬರುತ್ತೆ. ಹಾಗಾಗಿ ನಡುರಾತ್ರಿ ಹೊರಟು ನೆಲಗಾಳಿಯಲ್ಲಿ ದಡದ ಹತ್ತಿರವೇ ಸಾಗಿ, ಮಧ್ಯಾಹ್ನದ ಗಾಳಿ ಏರೋ ಮೊದಲು ಎಲ್ಲಾದರೂ ಲಂಗರು ಹಾಕಿ ಮಲಗುವ ಯೋಚನೆ ಇದೆ. ಭಟ್ಕಳ, ತದಡಿ, ಕಾರವಾರ ಅಂತ ತುಂಡು ತುಂಡಾಗಿ. ಹೊನ್ನಾವರದ ಅಳಿವೆ ಕಷ್ಟದ್ದು ಅಂತ ಎಲ್ಲರೂ ಹೇಳುತ್ತಾರೆ, ಅದನ್ನು ಬಿಡುತ್ತೇವೆ. ತದಡಿಯಲ್ಲಿ ಹಾಯಿದೋಣಿ ನಿಲ್ಲಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಲಂಗರು ಚೆನ್ನಾಗಿ ಕಚ್ಚುವ ಕೆಸರು ಯಾವ ಬದಿಯಲ್ಲಿದೆ, ಇಳಿತದಲ್ಲಿ ಒಂದೂವರೆ ಮೀಟರ್ ನೀರು ಉಳಿಯುತ್ತಾ ಅಂತ ದಯವಿಟ್ಟು ತಿಳಿಸಿ.